‘ತಡಕೋ’ ಅನ್ನುವ ಮೊದಲು

ನನ್ನ ಮಗ ಸೈನ್ಯದ ಅಗ್ನಿವೀರ್ ತರಬೇತಿಗೆ ಹೋಗಿ ನಾಲ್ಕು ತಿಂಗಳಾಯಿತು. ಅವನ ಜೊತೆಗೆ ಹೋದ ಹುಡುಗರು ಮುಂದಿನ ಹಂತಕ್ಕೆ ಹೋದರು. ಅವನು ಹೋಗಲಿಲ್ಲ. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು. ವಾಸಿಯಾದ ಮೇಲೆ ಅವನ ನಂತರ ಬಂದ ಬ್ಯಾಚಿನ ಜೊತೆ ಸೇರಬೇಕು. ಇದಕ್ಕೆ ಅಲ್ಲಿ ರೆಲಿಗೇಷನ್ ಅನ್ನುತ್ತಾರೆ. ನಮ್ಮೂರಲ್ಲಿ ಮಾತ್ರ ‘ಫೇಲ್ ಆದ್ನಂತೆ’ ಅನ್ನುತ್ತಿದ್ದಾರೆ.

ಅವನು ಫೇಲ್ ಆಗಿಲ್ಲ. ತಪ್ಪು ಮಾಡಿದವರು ನಾವು, ತಂದೆ ತಾಯಿ. ಅದನ್ನು ಹೇಳೋಣ ಅಂತಲೇ ಬರೆಯುತ್ತಿದ್ದೇನೆ.

ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಬೆಳಗ್ಗೆ 5 ಗಂಟೆಗೆ ಕಾಲುವೆ ದಾರಿಯಲ್ಲಿ ಹುಡುಗರು ಓಡುವುದನ್ನು ಈ ಕಡೆಯವರೆಲ್ಲ ನೋಡಿರುತ್ತೀರಿ. ಅವರಲ್ಲಿ ನನ್ನ ಮಗನೂ ಒಬ್ಬ. ಸೈನ್ಯದ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದೊಳಗೆ ಓಡಿದರೆ ಆ ಓಟಕ್ಕೆ ಪೂರ್ತಿ 60 ಅಂಕ. ಎರಡು ವರ್ಷ ಅವನಿಗೆ ಬೇರೆ ಲೋಕವೇ ಇರಲಿಲ್ಲ. ಜನ ಕಡಿಮೆ ಇರುವ ದಿನ ನೋಡಿಕೊಂಡು ಅಂಜನಾದ್ರಿಯ 575 ಮೆಟ್ಟಿಲು ಓಡಿ ಹತ್ತುತ್ತಿದ್ದ. ಮನೆಗೆ ಬಂದು ಒಂದು ಚೊಂಬು ಮಜ್ಜಿಗೆ ಕುಡಿದು, ‘ಅವ್ವಾ, ಇವತ್ತ ನಡುವ ನಿಂತಿಲ್ಲ’ ಅನ್ನುತ್ತಿದ್ದ.

ಆನ್‌ಲೈನ್ ಪರೀಕ್ಷೆ ಪಾಸಾದ, ರ‍್ಯಾಲಿಯಲ್ಲಿ ಓಡಿದ, ಮೆಡಿಕಲ್ ಮುಗಿಯಿತು. ನಮ್ಮ ಕಡೆಯ ಹುಡುಗರು ಬೆಳಗಾವಿಯ ಮರಾಠಾ ರೆಜಿಮೆಂಟಿಗೆ ಹೋಗುತ್ತಾರೆ, ಬೆಂಗಳೂರಿನ ಎಂಇಜಿಗೆ, ಅಂದರೆ ಸೈನ್ಯದ ಎಂಜಿನಿಯರ್ ದಳಕ್ಕೆ ಹೋಗುತ್ತಾರೆ, ಹೈದರಾಬಾದ್, ನಾಸಿಕ್‌ನ ತೋಪಖಾನೆ ಸೆಂಟರ್‌ಗಳಿಗೂ ಹೋಗುತ್ತಾರೆ. ಇವನು ಯಾವುದಕ್ಕೆ ಹೋದ ಅನ್ನುವುದು ಇಲ್ಲಿ ಬೇಡ. ಹೊರಡುವ ದಿನ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟೆ. ರೈಲಿನಲ್ಲೇ ಎಲ್ಲರೂ ಹಂಚಿಕೊಂಡು ಖಾಲಿ ಮಾಡಿದರಂತೆ.

ಅಲ್ಲಿ ಫೋನ್ ಜಮಾ ಮಾಡಿಕೊಳ್ಳುತ್ತಾರೆ. ಭಾನುವಾರ ಸ್ವಲ್ಪ ಹೊತ್ತು ಕೊಡುತ್ತಾರೆ. ವಾರವಿಡೀ ಕಾದ ನಮಗೆ ಹತ್ತು ನಿಮಿಷ. ಮೊದಲ ಭಾನುವಾರ ನಾನು ಅತ್ತೆ, ಅವನೂ ಅತ್ತ. ‘ಬಂದಬಿಡು ಯಪ್ಪಾ’ ಅಂದೆ. ಬಾಯಿಂದ ಬಂದೇ ಬಿಟ್ಟಿತು. ಅದು ಎಷ್ಟು ದೊಡ್ಡ ತಪ್ಪು ಅಂತ ಆಮೇಲೆ ಗೊತ್ತಾಯಿತು. ಆ ಮಾತು ಕೇಳಿದ ಮಗು ಮುಂದಿನ ವಾರದಿಂದ ಕಷ್ಟ ಹೇಳುವುದನ್ನೇ ಬಿಟ್ಟಿತು. ಅವ್ವ ಅಳುತ್ತಾಳೆ ಅಂತ ಎಲ್ಲದಕ್ಕೂ ‘ಆರಾಮ ಅದೀನಿ’. ಊಟ? ಆರಾಮ. ನಿದ್ದೆ? ಆರಾಮ. ಹಿಂದಿಯಲ್ಲಿ ಬೈದರೆ ಅರ್ಥ ಆಗುತ್ತಾ? ‘ಈಗೀಗ ತಿಳೀತೈತಿ ಬಿಡವ್ವ.’

ಹತ್ತನೇ ವಾರವೋ ಹನ್ನೊಂದನೇ ವಾರವೋ ಇರಬೇಕು. ಇದ್ದಕ್ಕಿದ್ದ ಹಾಗೆ ಕೇಳಿದ, ‘ಅವ್ವಾ, ಅಪ್ಪನ ಕಾಲಿಗೆ ಟ್ರ್ಯಾಕ್ಟರ್ ಬಡಿದಿತ್ತಲ್ಲ, ಎಷ್ಟ ದಿನಕ್ಕ ನೋವು ಹೋಗಿತ್ತು?’

ಸುಮ್ನೆ ಯಾರಾದರೂ ಇದನ್ನು ಕೇಳುತ್ತಾರಾ? ನನ್ನ ಎದೆ ಧಸಕ್ಕೆಂದಿತು. ಬಿಡಿಸಿ ಬಿಡಿಸಿ ಕೇಳಿದೆ. ಎರಡು ವಾರದಿಂದ ಕಾಲು ನೋವು. ಮೊದಲು ಓಡಿದಾಗ ಮಾತ್ರ ಇತ್ತು, ಈಗ ನಡೆದರೂ ಇದೆ. ಒಂದೇ ಜಾಗದಲ್ಲಿ ಬೆರಳಿಟ್ಟರೆ ಜೀವ ಹೋಗುತ್ತದೆ. ಜೊತೆಯ ಹುಡುಗ ಕೊಟ್ಟ ನೋವಿನ ಮಾತ್ರೆ ನುಂಗಿ ಪರೇಡಿಗೆ ನಿಲ್ಲುತ್ತಿದ್ದಾನೆ. ಡಾಕ್ಟರಿಗೆ ತೋರಿಸುವ ಎಂಐ ರೂಮಿಗೆ ಯಾಕೆ ಹೋಗಲಿಲ್ಲ ಅಂದರೆ, ‘ರೆಲಿಗೇಟ್ ಮಾಡ್ತಾರವ್ವ.’

ಇವರ ಕೈಗೆ ಫೋನ್ ಕೊಟ್ಟೆ. ಇವರು ಹೇಳಿದ್ದು ಒಂದೇ ಮಾತು. ‘ಗಂಡಸಮಗ ಅದಿ. ತಡಕೋ.’

ಇವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ಮಾತಿನ ಹಿಂದೆ ಪ್ರೀತಿ ಇತ್ತು. ಮಗ ಇಷ್ಟು ದೂರ ಬಂದವನು ಹಿಂದೆ ಬೀಳಬಾರದು ಅಂತ ಹೆದರಿಕೆ ಇತ್ತು. ಆದರೆ ಆ ಮಾತು ಇನ್ನೊಂದು ವಾರ ಅವನನ್ನು ಅದೇ ಕಾಲಿನ ಮೇಲೆ ಓಡಿಸಿತು.

ಮರುದಿನ ಶಾಲೆ ಮುಗಿಸಿಕೊಂಡು ಪರಿಚಯದ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಸಮಾಧಾನವಾಗಿ ತಿಳಿಸಿ ಹೇಳಿದರು. ಮೂಳೆ ಜೀವಂತ ವಸ್ತು. ಭಾರ ಬಿದ್ದಷ್ಟೂ ಒಳಗೆ ಸಣ್ಣ ಸವೆತ ಆಗುತ್ತದೆ, ವಿಶ್ರಾಂತಿ ಸಿಕ್ಕಾಗ ಅದೇ ಮೂಳೆ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಭಾರ ಒಮ್ಮೆಲೇ ಜಾಸ್ತಿಯಾದರೆ ಕಟ್ಟಿಕೊಳ್ಳಲು ಸಮಯ ಸಾಕಾಗುವುದಿಲ್ಲ, ಬಿರುಕು ಬಿಡುತ್ತದೆ. ಇದನ್ನು ಸ್ಟ್ರೆಸ್ ಫ್ರಾಕ್ಚರ್ ಅನ್ನುತ್ತಾರೆ. ಜಗತ್ತಿನ ಎಲ್ಲ ಸೈನ್ಯಗಳ ಹೊಸ ಹುಡುಗರಲ್ಲೂ ಇದು ಕಾಣುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎರಡು ಮೂರು ವಾರದ ನಂತರ ಕಾಣುತ್ತದೆ. ಎಂಆರ್‌ಐನಲ್ಲಿ ಬೇಗ ಗೊತ್ತಾಗುತ್ತದೆ. ಬೇಗ ಹಿಡಿದರೆ ಆರರಿಂದ ಎಂಟು ವಾರದ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮುಚ್ಚಿಟ್ಟುಕೊಂಡು ಓಡಿದರೆ ಮೂಳೆ ಪೂರ್ತಿ ಮುರಿಯಬಹುದು.

ಕೇಳುತ್ತಾ ಕೇಳುತ್ತಾ ನನಗೆ ಅವನ ಎರಡು ವರ್ಷದ ತಯಾರಿ ನೆನಪಾಯಿತು. ಅವನು ಓಡಿದ್ದು ಕಾಲುವೆಯ ಮಣ್ಣಿನ ದಾರಿಯಲ್ಲಿ, ಹಗುರ ಬೂಟು ಹಾಕಿಕೊಂಡು, ಒಂದೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಗಟ್ಟಿ ನೆಲದ ಮೇಲೆ ದಪ್ಪ ಬೂಟಿನ ಹಿಮ್ಮಡಿ ಊರಿ ಊರಿ ಡ್ರಿಲ್. ಬೆನ್ನಿಗೆ ಭಾರ, ಕೈಯಲ್ಲಿ ರೈಫಲ್, 5 ಕಿಲೋಮೀಟರ್ ಓಟ. ನಡುವೆ ತರಬೇತಿ ಕೊಡುವ ಉಸ್ತಾದ್ ಮಾಡಿಸುವ ರಗಡಾ, ಅಂದರೆ ಮೈ ದಣಿಸುವ ಶಿಕ್ಷೆ ಬೇರೆ. ನಾವೂ, ಅವನು ಹೋದ ಕೋಚಿಂಗಿನವರೂ ಭರ್ತಿಯ ದಿನಕ್ಕೆ ತಯಾರು ಮಾಡಿದೆವು. ಭರ್ತಿಯಾದ ಮೇಲಿನ ಏಳು ತಿಂಗಳಿಗೆ ಯಾರೂ ತಯಾರು ಮಾಡಲಿಲ್ಲ. ಈಗ ಓಡುತ್ತಿರುವ ಹುಡುಗರ ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ಗಮನಿಸಿ. ಆಯ್ಕೆಯಾದ ಮೇಲೆ ಹೊರಡುವ ತನಕ ಸಿಗುವ ದಿನಗಳಲ್ಲಿ ಹುಡುಗರು ಪೂರ್ತಿ ಓಟ ಬಿಟ್ಟು ಪಾರ್ಟಿ ಮಾಡುತ್ತಾರೆ. ನಮ್ಮವನೂ ಅದನ್ನೇ ಮಾಡಿದ. ದಿನಾ ಸ್ವಲ್ಪ ಸ್ವಲ್ಪ ದೂರ ಜಾಸ್ತಿ ಮಾಡುತ್ತಾ, ಬೂಟು ಹಾಕಿಕೊಂಡು ನಡೆದು ರೂಢಿ ಮಾಡಿಕೊಳ್ಳಬೇಕಿತ್ತು. ಹಾಲು, ಮೊಸರು, ರಾಗಿ, ಮೈಗೆ ಬಿಸಿಲು. ನಮ್ಮ ಮನೆಯಲ್ಲಿ ಇದಕ್ಕೇನೂ ಬರ ಇರಲಿಲ್ಲ, ಆದರೆ ಅವನು ಸೆಲೆಕ್ಷನ್ನಿಗೆ ತೂಕ ಇಳಿಸುತ್ತೇನೆ ಅಂತ ಅರ್ಧ ಊಟ ಬಿಟ್ಟಿದ್ದ. ನಾನೂ ನೋಡಿಕೊಂಡು ಸುಮ್ಮನಿದ್ದೆ.

ಆ ವಾರ ನಾನು ಅವನಿಗೆ ಕಾಗದ ಬರೆದೆ. ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್. ಕಾಗದ ಬರೆಯಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ಹತ್ತು ನಿಮಿಷದ ಫೋನಿನಲ್ಲಿ ಗಡಿಬಿಡಿ, ಹಿಂದೆ ಹುಡುಗರ ಸಾಲು, ಅಳು. ಕಾಗದವನ್ನು ಅವನು ನಾಲ್ಕು ಸಲ ಓದಬಹುದು. ಎಮ್ಮೆ ಕರು ಹಾಕಿದ್ದು ಬರೆದೆ. ಗದ್ದೆಯಲ್ಲಿ ಕಳೆ ತೆಗೆಸಿದ್ದು ಬರೆದೆ. ಕೊನೆಗೆ, ‘ಒಂದು ಬ್ಯಾಚ್ ಹಿಂದಾದರೆ ಮನೆಯಲ್ಲಿ ಯಾರಿಗೂ ಬೇಜಾರಿಲ್ಲ, ಕಾಲು ತೋರಿಸು’ ಅಂತ ಬರೆದೆ.

ನಮಗೆ ಮೊದಲೇ ಗೊತ್ತಿರಬೇಕಿತ್ತು, ರೆಲಿಗೇಷನ್ ಅಂದರೆ ಮನೆಗೆ ಕಳಿಸುವುದಲ್ಲ. ತಪ್ಪಿದ ತರಬೇತಿಯನ್ನು ಇನ್ನೊಂದು ಬ್ಯಾಚಿನ ಜೊತೆ ಮುಗಿಸುವುದು. ಹುಡುಗರಿಗೆ ಅದು ಅವಮಾನ ಅನ್ನಿಸುವುದು ಸಹಜ. ಜೊತೆಯಲ್ಲಿ ಉಂಡು ಮಲಗಿದ ಗೆಳೆಯರು ಮುಂದೆ ಹೋಗುತ್ತಾರೆ. ಆ ಅವಮಾನಕ್ಕೆ ಮನೆಯವರೂ ಒಂದು ಹಿಡಿ ಸೇರಿಸಿದರೆ ಹುಡುಗ ನೋವು ಮುಚ್ಚಿಡದೆ ಏನು ಮಾಡುತ್ತಾನೆ?

ಇನ್ನೊಂದು ಮಾತು. ಭಾನುವಾರ ಫೋನ್ ಬಂದಾಗ ಪಕ್ಕದಲ್ಲಿ ಕೂತ ನೆಂಟರು ಫೋನ್ ಇಸಿದುಕೊಂಡು, ‘ನಾಲ್ಕು ವರ್ಷ ಆದಮ್ಯಾಲೆ ಏನ್ ಮಾಡ್ತಿಯೋ?’ ಅನ್ನುತ್ತಾರೆ. ಅಗ್ನಿವೀರರ ಸೇವೆ ನಾಲ್ಕು ವರ್ಷ, ಆಮೇಲೆ ನೂರಕ್ಕೆ 25ರಷ್ಟು ಜನರನ್ನು ಮಾತ್ರ ಸೈನ್ಯದಲ್ಲಿ ಮುಂದುವರಿಸುತ್ತಾರೆ ಅನ್ನುವುದು ಅವನಿಗೂ ಗೊತ್ತಿದೆ. ಆ ಯೋಜನೆ ಸರಿಯೋ ತಪ್ಪೋ ಬೇಕಾದಷ್ಟು ಚರ್ಚೆ ಮಾಡೋಣ, ನಾನೂ ಬರುತ್ತೇನೆ. ತರಬೇತಿಯಲ್ಲಿರುವ ಹುಡುಗನ ಹತ್ತು ನಿಮಿಷವನ್ನು ಅದಕ್ಕೆ ಬಳಸಬೇಡಿ. ನಾನೀಗ ಭಾನುವಾರ ಯಾರಿಗೂ ಫೋನ್ ಕೊಡುವುದಿಲ್ಲ.

ಇವರು ಮಾತ್ರ ಆ ವಾರವೆಲ್ಲ ಸರಿಯಾಗಿ ಮಲಗಲಿಲ್ಲ. ಟ್ರ್ಯಾಕ್ಟರ್ ಬಡಿದದ್ದು ನಾಟಿ ಕಾಲದಲ್ಲಿ. ಆಳು ಬಂದಿದ್ದಾರೆ, ನೀರು ಬಿಟ್ಟಿದ್ದಾರೆ ಅಂತ ಇವರು ಬಟ್ಟೆ ಸುತ್ತಿಕೊಂಡು ಕೆಸರಿಗೆ ಇಳಿದಿದ್ದರು. ಡಾಕ್ಟರಿಗೆ ತೋರಿಸಲೇ ಇಲ್ಲ. ಇವತ್ತಿಗೂ ಗದ್ದೆಯಿಂದ ಬಂದ ದಿನ ರಾತ್ರಿ ಬಿಸಿನೀರು ಹಾಕಿಕೊಳ್ಳುತ್ತಾರೆ. ಮಗ ಅದನ್ನು ಚಿಕ್ಕಂದಿನಿಂದ ನೋಡಿದ್ದಾನೆ.

ಮುಂದಿನ ಭಾನುವಾರ ಫೋನ್ ಬಂದಾಗ ಇವರೇ ಮೊದಲು ತೆಗೆದುಕೊಂಡರು. ‘ತಮ್ಮಾ, ನಾಳೆನ ಹೋಗಿ ತೋರಿಸು. ನಾ ಹೇಳಿದ್ದು ತಪ್ಪಾತು’ ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಇವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮಗ ಸೋಮವಾರ ತೋರಿಸಿದ. ಬಿರುಕು ಸಿಕ್ಕಿತು. ಈಗ ಪರೇಡ್ ಇಲ್ಲ, ಓಟ ಇಲ್ಲ. ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ.

ಮೊನ್ನೆ ಭಾನುವಾರ ಇವರು ಫೋನಿನಲ್ಲಿ ಕೇಳಿದರು, ‘ಯಾವ ಕಾಲು?’

‘ಎಡಗಾಲಪ್ಪಾ.’

‘ನಂದೂ ಎಡಗಾಲ.’

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನೂ ಫೋನ್ ಕೇಳಲಿಲ್ಲ.