ಶನಿವಾರ ಸಂಜೆ ಆರರ ಬೀಗ

ಶನಿವಾರ ಸಂಜೆ 6 ಗಂಟೆ 4 ನಿಮಿಷ. ಆಸ್ಟ್ರಿಯಾದ ಈ ಹಳ್ಳಿಯ ಒಂದೇ ಒಂದು ಸೂಪರ್‌ಮಾರ್ಕೆಟ್‌ಗೆ ಆಗಲೇ ಬೀಗ. ಗಾಜಿನಾಚೆ ಹಾಲು, ಬ್ರೆಡ್ಡು, ಟೊಮೆಟೊ ಎಲ್ಲ ಕಾಣುತ್ತಿವೆ. ಈಚೆ ನಾನು, ಖಾಲಿ ಚೀಲ ಹಿಡಿದು. ಸೋಮವಾರ ಬೆಳಿಗ್ಗೆವರೆಗೆ ಏನು ತಿನ್ನಲಿ?

ಆಸ್ಟ್ರಿಯಾದಲ್ಲಿ ಇದು ಕಾನೂನಂತೆ. ಶನಿವಾರ 6ಕ್ಕೆ ಅಂಗಡಿ ಮುಚ್ಚಬೇಕು, ಭಾನುವಾರ ಬಹುತೇಕ ಎಲ್ಲ ಬಂದ್. ಬಂದ ದಿನವೇ ಯಾರಾದರೂ ಹೇಳಬಾರದಿತ್ತಾ? ಇನ್ಸ್‌ಬ್ರುಕ್ ನಗರದ ರೈಲು ನಿಲ್ದಾಣದಲ್ಲಿ ಭಾನುವಾರವೂ ದಿನಸಿ ಸಿಗುತ್ತದೆ, ಸರಿ. ಅಲ್ಲಿಗೆ ಹೋಗಲು ಬಸ್ಸು ಬೇಡವಾ? ಈ ಹಳ್ಳಿಗೆ ಭಾನುವಾರ ಬಸ್ಸೇ ಅಪರೂಪ! ಅಲ್ಲಿ ನಮ್ಮೂರಲ್ಲಿ ರಾತ್ರಿ ಹತ್ತಕ್ಕೂ ಬೀದಿ ಕೊನೆಯಲ್ಲಿ ಮೊಸರು ಸಿಗುತ್ತಿತ್ತು.

ಪಕ್ಕದ ಮನೆಯವರನ್ನು ಕೇಳೋಣ ಅಂದರೆ ಭಾಷೆಯ ಕಷ್ಟ. ಬೆಂಗಳೂರಿನಲ್ಲಿ ಎರಡು ವರ್ಷ ಜರ್ಮನ್ ಕಲಿತೆ. ಇಲ್ಲಿ ‘ಗುಟೆನ್ ಟಾಗ್’ ಅಂತ ನಮಸ್ಕಾರ ಹೇಳಿದರೆ ‘ಗ್ರಿಯಾಸ್ ಡಿ’ ಅನ್ನುತ್ತಾರೆ. ಆಮೇಲೆ ಶುರುವಾಗುವ ಇಲ್ಲಿನ ಟಿರೋಲ್ ಪ್ರಾಂತ್ಯದ ಆಡುಮಾತಿನಲ್ಲಿ ‘ಕ’ ಎಲ್ಲ ಗಂಟಲಾಳದಿಂದ ಉಜ್ಜಿಕೊಂಡು ಬರುತ್ತದೆ. ಹತ್ತು ಮಾತಿಗೆ ಒಂದು ಅರ್ಥವಾದರೆ ಜಾಸ್ತಿ. ಆ ಎರಡು ವರ್ಷ ಸುಮ್ನೆ ಹೋಯಿತಾ?

ಇವತ್ತು ಭಾನುವಾರ. ಬೆಳಗಿನಿಂದ ಚರ್ಚಿನ ಗಂಟೆ ಹೊಡೆಯುತ್ತಲೇ ಇದೆ. ಡಬ್ಬಿಯಲ್ಲಿ ಅಮ್ಮ ಕೊಟ್ಟ ಚಟ್ನಿಪುಡಿ ಇದೆ. ಅದಕ್ಕೆ ಹಚ್ಚಿಕೊಳ್ಳಲು ಒಂದು ತುಂಡು ಬ್ರೆಡ್ಡೂ ಇಲ್ಲ.