ಫಾರ್ಮಿನಲ್ಲಿ ಡ್ರಮ್ಮರ್ ಹೆಸರು ಯಾಕಿಲ್ಲ?

ಬ್ಯಾಂಡ್ ಒಡೆಯೋದು ದುಡ್ಡಿಗೆ, ಇಲ್ಲಾ ಕುಡಿತಕ್ಕೆ ಅಂತಾರೆ. ನಮ್ಮ ಬ್ಯಾಂಡಲ್ಲಿ ದುಡ್ಡೇ ಇಲ್ಲ. ಗಾಯಕನೂ ಡ್ರಮ್ಮರೂ ಮಾತು ಬಿಟ್ಟಿರೋದು ಒಂದು ಫಾರ್ಮಿನ ದೆಸೆಯಿಂದ. ಹಾಡನ್ನು ಸ್ಪಾಟಿಫೈಗೆ ಹಾಕಿಸುವಾಗ ಸಾಹಿತ್ಯ ಯಾರದು, ಸಂಗೀತ ಯಾರದು ಅಂತ ಕೇಳ್ತಾರೆ. ಗಾಯಕ ಎರಡೂ ಕಡೆ ತನ್ನ ಹೆಸರೊಂದನ್ನೇ ತುಂಬಿದ.

ಅವನ ವಾದ ಪೂರ್ತಿ ಸುಳ್ಳಲ್ಲ. ಸಾಲುಗಳು ಅವನವು, ಫೋನಿನಲ್ಲಿ ಗುನುಗಿ ತಂದ ರಾಗವೂ ಅವನದೇ. ಆದರೆ ಆ ಹಾಡು ನಾವು ಪ್ರಾಕ್ಟೀಸ್ ಮಾಡೋ ಶೆಡ್ಡಿಗೆ ಬಂದಾಗ ಹೇಗಿತ್ತು ಅನ್ನೋದು ನನಗೆ ಗೊತ್ತು, ಬೇಸ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಯಾವ ಕಾಲೇಜ್ ಫೆಸ್ಟಲ್ಲಾದರೂ ಕೇಳಿ ಮರೆತುಬಿಡುವಂಥದ್ದು. ಡ್ರಮ್ಮರ್ ಚುರುಕು ಸದ್ದಿನ ಸ್ನೇರ್ ಡ್ರಮ್ ಬಿಟ್ಟು, ದಪ್ಪ ದನಿಯ ಫ್ಲೋರ್ ಟಾಮ್ ಡ್ರಮ್ಮಿನ ಮೇಲೆ ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ ದುಡಿಯ ಪೆಟ್ಟು ಹಾಕಿದ. ಸುಗ್ಗಿ ಹಬ್ಬ ಪುತ್ತರಿಗೆ ಮನೆಮನೆಗೆ ಹಾಡ್ಕೊಂಡು ಬರೋರು ಬಾರಿಸ್ತಾರಲ್ಲ, ಆ ನಡೆ. ಅದಕ್ಕೆ ಕೂರಲಿ ಅಂತ ಗಾಯಕ ತನ್ನ ಪಲ್ಲವಿಯನ್ನೇ ಒಡೆದು ಚಿಕ್ಕದು ಮಾಡಿದ. ಈಗ ಕೇಳಿದವರ ಬಾಯಲ್ಲಿ ಉಳಿಯೋದು ಆ ಒಡೆದ ಪಲ್ಲವಿಯೇ. ಹಾಗಾದರೆ ಸಂಗೀತ ಯಾರದು?

‘ಅವನು ಬೀಟ್ ಹಾಕಿದ ಅಷ್ಟೇ’ ಅನ್ನೋ ಗಾಯಕನ ಮಾತೇ ಡ್ರಮ್ಮರಿಗೆ ಚುಚ್ಚಿದ್ದು. ಕುಶಾಲನಗರದಿಂದ ಮಡಿಕೇರಿಯ ತನಕ ಪಿಕಪ್ಪಲ್ಲಿ ಡ್ರಮ್ ಹೇರಿಕೊಂಡು ಘಾಟಿ ಹತ್ತಿ ಬರೋನು ಅವನು. ಮಳೆಗಾಲದಲ್ಲಿ ಶೆಡ್ಡಿನ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ಅವನ ಕಿಕ್ ಡ್ರಮ್ಮೇ ಕೇಳಲ್ಲ. ಕರೆಂಟ್ ಹೋದರೆ ನಾವು ಆಂಪ್ ಆರಿಸಿ ಕೂರ್ತೀವಿ, ಅವನೊಬ್ಬ ಬಾರಿಸ್ತಾ ಇರ್ತಾನೆ. ಹೋಂಸ್ಟೇ ಕ್ಯಾಂಪ್‌ಫೈರ್‌ನಲ್ಲಿ ಬೆಂಗಳೂರಿನ ಗೆಸ್ಟುಗಳು ಹಳೇ ಹಿಂದಿ ಹಾಡೇ ಬೇಕು ಅಂತ ಕೂತಾಗ ಗಾಯಕ ಮುಖ ಸಿಂಡರಿಸಿಕೊಂಡು ಹಾಡ್ತಾನೆ. ನಗ್ತಾ ನುಡಿಸೋನು ಇವನು. ಅಲ್ಲಿ ಸಿಗೋ ಕಾಸಿನಿಂದಲೇ ಸ್ಟುಡಿಯೋ ಬಿಲ್ ಕಟ್ಟಿದ್ದು.

ನಮ್ಮ ಗಿಟಾರಿಸ್ಟ್ ಹೇಳ್ತಾನೆ, ‘ದುಡಿ ಬಾರಿಸಿ ಹಾಡೋ ದುಡಿಕೊಟ್ಟ್ ಪಾಟಲ್ಲಿ ನಾಲ್ಕು ಜನ ಹಾಡ್ತಾರೆ, ಯಾರ ಹೆಸರೂ ಬರಲ್ಲ. ನಿಮಗ್ಯಾಕೆ ಮಾರಾಯ?’ ಕೇಳೋಕೆ ಚಂದ. ಆದರೆ ಅಲ್ಲಿ ಯಾರ ಹೆಸರೂ ಇಲ್ಲ, ನಮ್ಮಲ್ಲಿ ಒಬ್ಬನದು ಮಾತ್ರ ಇದೆ.

ಇದು ಬರೀ ಮಾನಾಪಮಾನದ ಪ್ರಶ್ನೆಯೂ ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯಿದೆಯಲ್ಲಿ ಸಾಹಿತ್ಯಕ್ಕೆ ಒಂದು ಹಕ್ಕು, ಸಂಗೀತಕ್ಕೆ ಇನ್ನೊಂದು. ನುಡಿಸಿದವನಿಗೆ ಪರ್ಫಾರ್ಮರ್ ಅಂತ ಬೇರೆ ಹಕ್ಕಿದೆ, ಆದರೆ ಅದು ಸಂಯೋಜಕನ ಹಕ್ಕಲ್ಲ. 2012ರ ತಿದ್ದುಪಡಿ ಆದ ಮೇಲಂತೂ ಥಿಯೇಟರಿನ ಹೊರಗೆ ಬಳಸುವ ಸಿನಿಮಾ ಹಾಡಿನ ರಾಯಲ್ಟಿ ಪಾಲನ್ನು ಬರೆದವರು, ರಾಗ ಹಾಕಿದವರು ನಿರ್ಮಾಪಕರಿಗೆ ಬಿಟ್ಟುಕೊಡೋ ಹಾಗೂ ಇಲ್ಲ. ಆ ಕಾಲಮ್ಮಿನಲ್ಲಿ ಯಾರ ಹೆಸರಿದೆ ಅನ್ನೋದು ಅಷ್ಟು ದೊಡ್ಡ ವಿಷಯ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. ಬೀಟಲ್ಸ್‌ನಲ್ಲಿ ಲೆನನ್, ಮೆಕಾರ್ಟ್ನಿ ಜೋಡಿಯ ನಡುವೆ ಗಿಟಾರಿಸ್ಟ್ ಜಾರ್ಜ್ ಹ್ಯಾರಿಸನ್‌ಗೆ ಸಾಮಾನ್ಯವಾಗಿ ಆಲ್ಬಮ್ಮಿಗೆ ಒಂದೆರಡು ಹಾಡಷ್ಟೇ ಸಿಗ್ತಿತ್ತು. 1970ರಲ್ಲಿ ಬ್ಯಾಂಡ್ ಮುರಿದ ವರ್ಷವೇ ಆತ ಮೂರು ಎಲ್‌ಪಿಗಳ ಆಲ್ಬಂ ತಂದ! ಇಂಗ್ಲೆಂಡಿನ ಕ್ವೀನ್ ಬ್ಯಾಂಡಿನವರು 1989ರ ಆಲ್ಬಮ್ಮಿಂದ ಯಾರು ಬರೆದರೂ ನಾಲ್ವರ ಹೆಸರಲ್ಲೇ ಹಾಕೋಕೆ ಶುರುಮಾಡಿದರು. ಅಮೆರಿಕದ ಆರ್‌ಇಎಂ ಬ್ಯಾಂಡ್ ಮೊದಲಿಂದಲೂ ಹಾಗೇ ನಡೆಸಿತು.

ನನ್ನ ಲೆಕ್ಕ ಇಷ್ಟು: ಸಾಹಿತ್ಯ ಬರೆದವನದು, ಸಂಗೀತ ನಾಲ್ವರದೂ ಸಮಪಾಲು. ನನ್ನ ಬೇಸ್ ಲೈನಿಗೆ ಅಷ್ಟು ಯೋಗ್ಯತೆ ಇದೆಯಾ ಅಂತ ಗಾಯಕ ಕೇಳಬಹುದು. ಕೆಲವು ಹಾಡಲ್ಲಿ ಇಲ್ಲ. ಆದರೆ ಪ್ರತಿ ಹಾಡಿಗೂ ತಕ್ಕಡಿ ಹಿಡಿದು ಕೂತರೆ, ಪ್ರಾಕ್ಟೀಸಲ್ಲಿ ‘ಇಲ್ಲಿ ನಾನು ನುಡಿಸದಿದ್ರೇ ಚೆನ್ನಾಗಿರುತ್ತೆ’ ಅಂತ ಹೇಳೋ ಧೈರ್ಯ ಯಾರಿಗೂ ಬರಲ್ಲ. ಪಾಲಿಗೋಸ್ಕರ ಎಲ್ಲರೂ ಎಲ್ಲ ಕಡೆ ನುಡಿಸ್ತಾರೆ, ಹಾಡು ಹಾಳಾಗುತ್ತೆ. ‘ಸ್ನೇಹಿತರ ಮಧ್ಯೆ ಕಾಗದ ಯಾಕೆ’ ಅನ್ನೋರಿಗೆ ಒಂದು ಮಾತು: ಅಣ್ಣತಮ್ಮಂದಿರೇ ತೋಟದ ಪಾಲುಪತ್ರ ಬರೆಸಿಕೊಳ್ಳೋ ಊರಿದು.

ಕಾಗದ ಬರೆದಾಗಿದೆ. ಡ್ರಮ್ಮರ್ ಸಹಿ ಹಾಕಿದ, ಗಾಯಕ ಒಂದು ಸಾಲಿನ ಮುಂದೆ ನಿಂತಿದ್ದಾನೆ: ಬಿಟ್ಟುಹೋದವನ ಪಾಲು ಏನಾಗಬೇಕು? ಇದ್ದಾಗ ಮಾಡಿದ ಹಾಡಲ್ಲಿ ಅವನ ಪಾಲು ಅವನಿಗೇ ಇರಲಿ, ಹೋದ ಮೇಲಿನದ್ದರಲ್ಲಿ ಬೇಡ ಅಂತೀನಿ ನಾನು. ಡಿಸೆಂಬರ್ ಬಂದರೆ ಕಾಫಿ ಕುಯ್ಲು, ಶೆಡ್ಡಿನ ತುಂಬ ಮೂಟೆ, ಮಾರ್ಚ್ ತನಕ ನಮಗೆ ಜಾಗ ಇರಲ್ಲ. ಅಷ್ಟರೊಳಗೆ ಗಾಯಕ ಹೂಂ ಅನ್ನದಿದ್ದರೆ ಆ ಹಾಡನ್ನು ಸ್ಪಾಟಿಫೈಗೆ ಹಾಕೋಕೆ ನಾನು ಒಪ್ಪಲ್ಲ.