ಉಳಿಸಬೇಕಾದರೆ ಮೊದಲು ಉಳಬೇಕು

ಅಮೆರಿಕದ ಪಶ್ಚಿಮ ಕ್ಯಾನ್ಸಸ್‌ನಲ್ಲಿ ಹುಲ್ಲು ಎರಡು ಜಾತಿಯದು. ತಾನಾಗಿ ಬೆಳೆದದ್ದು ಒಂದು, ಸರ್ಕಾರದ ದುಡ್ಡಿನಲ್ಲಿ ಬೆಳೆದದ್ದು ಇನ್ನೊಂದು. ಮುಳ್ಳುತಂತಿ ಬೇಲಿಯ ಆಚೀಚೆ ಎರಡೂ ಇದ್ದರೆ ದನಕ್ಕೆ ಹೆಚ್ಚಿನ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಕೌಂಟಿಯ ಕೃಷಿ ಕಚೇರಿಗೆ ಚೆನ್ನಾಗಿ ತಿಳಿಯುತ್ತದೆ.

ಈ ದುಡ್ಡು ಕೊಡುವುದು 1985ರ ಕೃಷಿ ಕಾಯ್ದೆಯ ಕೂಸಾದ ಸಿಆರ್‌ಪಿ, ಅಂದರೆ ಸಂರಕ್ಷಣಾ ಮೀಸಲು ಯೋಜನೆ. ಮಣ್ಣು ಸವೆಯುವ ಹೊಲದಲ್ಲಿ ಬೆಳೆ ಬಿಟ್ಟು ಹುಲ್ಲು ಹಾಕಿ, 10ರಿಂದ 15 ವರ್ಷ ಉಳದೆ ಇರಿ, ವರ್ಷಾವರ್ಷ ಬಾಡಿಗೆ ತಗೊಳ್ಳಿ; ಒಬ್ಬರಿಗೆ ಹೆಚ್ಚೆಂದರೆ 50,000 ಡಾಲರ್. ಬುದ್ಧಿವಂತ ಯೋಜನೆಯೇ. ಆದರೆ 2018ರ ಕಾಯ್ದೆ ಹೇಳುವಂತೆ, 2012ರಿಂದ 2017ರೊಳಗೆ ನಾಲ್ಕು ವರ್ಷವಾದರೂ ಆ ನೆಲದಲ್ಲಿ ಬೆಳೆ ತೆಗೆದಿರಬೇಕು. ಅಜ್ಜನ ಕಾಲದಿಂದ ನೇಗಿಲು ತಾಗಿಸದೆ ದನ ಮೇಯಿಸಿಕೊಂಡು ಬಂದವರು ಅರ್ಜಿ ಹಿಡಿದು ಹೋದರೆ ಏನು ಹೇಳುವುದು? “ನೀವು ಏನೂ ಹಾಳು ಮಾಡಿಲ್ಲವಲ್ಲ ಸ್ವಾಮಿ, ಯಾವುದನ್ನು ಸರಿಮಾಡಲಿ?” ಅವರಿಗೂ ಹುಲ್ಲುಗಾವಲಿನ ಉಪಯೋಜನೆಯೊಂದು ಇದೆ, ಇಲ್ಲವೆನ್ನುವಂತಿಲ್ಲ. ಬಾಡಿಗೆ ಮಾತ್ರ ಮೇವಿನ ಬೆಲೆಯ ಮುಕ್ಕಾಲು ಪಾಲು ದಾಟಬಾರದು.

ಅದೇ ಹುಲ್ಲು ಕಿತ್ತು ಗೋಧಿ ಹಾಕಿದರೋ, ಬೆಳೆವಿಮೆಯ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸರ್ಕಾರವೇ ಕಟ್ಟುತ್ತದೆ. ಹೊಸದಾಗಿ ಉತ್ತ ಹುಲ್ಲುನೆಲಕ್ಕೆ ಈ ನೆರವು ಕಡಿತವಾಗಲಿ ಎಂದು 2014ರಲ್ಲಿ ನಿಯಮ ಬಂತು, ಆರೇ ರಾಜ್ಯಗಳಿಗೆ. ಪಕ್ಕದ ನೆಬ್ರಾಸ್ಕ ಅದರಲ್ಲಿದೆ, ಕ್ಯಾನ್ಸಸ್ ಇಲ್ಲ. ಧೂಳಿಗೆ ರಾಜ್ಯದ ಗಡಿ ಓದಲು ಬರುತ್ತದೆಂದು ಸಂಸತ್ತಿಗೆ ಯಾರು ಹೇಳಿದರೋ.

ಇನ್ನು ಕಿತ್ತದ್ದನ್ನು ಮರಳಿ ಬಿತ್ತುವ ಪಾಡು. ಲಿಟಲ್ ಬ್ಲೂಸ್ಟೆಮ್ ಎಂಬ ಅಲ್ಲಿನ ನಾಡಹುಲ್ಲಿನ ಬೀಜಕ್ಕೆ ಮೈತುಂಬ ನವಿರು. ಗೋಧಿ ಕೂರಿಗೆಗೆ ಸುರಿದರೆ ಪೆಟ್ಟಿಗೆಯಲ್ಲೇ ಮುದ್ದೆಗಟ್ಟಿ ಕೂರುತ್ತದೆ, ಒಳಗೆ ಕಲಕುತ್ತ ಇರುವ ಹುಲ್ಲಿನ ಕೂರಿಗೆಯೇ ಬೇಕು. ಕಾಲಿಟ್ಟರೆ ಹಿಮ್ಮಡಿ ಅರ್ಧ ಇಂಚಿಗಿಂತ ಹೆಚ್ಚು ಇಳಿಯದಷ್ಟು ನೆಲ ಬಿಗಿಯಾಗಿರಬೇಕು. ಬೀಜ ಕಾಲಿಂಚಿನಿಂದ ಅರ್ಧ ಇಂಚು ಆಳ, ಅಷ್ಟೇ. ಒಂದಿಂಚು ಹೋಯಿತೋ, ಮೊಳಕೆ ಮಣ್ಣಿನಲ್ಲೇ ಕೊನೆಯುಸಿರೆಳೆಯುತ್ತದೆ. ಲೆಕ್ಕವೂ ಚೀಲದ ತೂಕದ್ದಲ್ಲ, ಜೀವವಿರುವ ಶುದ್ಧ ಬೀಜದ್ದು: ಶುದ್ಧತೆ ಶೇ 60, ಮೊಳೆಯುವಿಕೆ ಶೇ 70 ಇದ್ದರೆ 100 ಕಿಲೋದಲ್ಲಿ ಅಂಥ ಬೀಜ 42 ಕಿಲೋ, ಮಿಕ್ಕಿದ್ದು ಹೊಟ್ಟು, ಮೊಳೆಯದ ಬೀಜ. ಇಷ್ಟು ಹೆಣಗಾಟವಿಲ್ಲದೆ ತಾನಾಗಿ ನಿಂತಿರುವ ಹುಲ್ಲಿಗೆ ಮರ್ಯಾದೆ ಎಲ್ಲಿಂದ ಬರಬೇಕು!

ಸಾಲದ್ದಕ್ಕೆ ಕಳೆ. ಮಸ್ಕ್ ಥಿಸಲ್ ಎಂಬ ಮುಳ್ಳುಗಿಡವನ್ನು ತೆಗೆಯಲೇಬೇಕೆಂದು ಕ್ಯಾನ್ಸಸ್ ಕಾನೂನು. ಅದು ಹೂ ಬಿಡುವುದು ಜೂನ್ ಆಸುಪಾಸು. ಏಪ್ರಿಲ್ 15ರಿಂದ ಜುಲೈ 15ರವರೆಗೆ ಹಕ್ಕಿಗಳ ಬಾಣಂತನ, ಸಿಆರ್‌ಪಿ ಹುಲ್ಲಿಗೆ ಅನುಮತಿಯಿಲ್ಲದೆ ಯಂತ್ರ ಇಳಿಸುವಂತಿಲ್ಲ. ಕಚೇರಿಯ ಮೊಹರು ಒಣಗುವಷ್ಟರಲ್ಲಿ ಮುಳ್ಳಿನ ಬೀಜ ಬೇಲಿ ದಾಟಿರುತ್ತದೆ, ಬಾಡಿಗೆ ಸಿಗದವರ ಹುಲ್ಲಿಗೆ.

2007ರಲ್ಲಿ ಸಿಆರ್‌ಪಿಯಲ್ಲಿ 3.68 ಕೋಟಿ ಎಕರೆ ಇತ್ತು. ಮೆಕ್ಕೆಜೋಳದ ಬೆಲೆ ಏರಿತು, ಸಂಸತ್ತು ಯೋಜನೆಯ ಎಕರೆ ಮಿತಿಯನ್ನೂ ಇಳಿಸಿತು, 2016ಕ್ಕೆ ಉಳಿದದ್ದು 2.4 ಕೋಟಿಯಷ್ಟು. ಹೊರಬಿದ್ದ ಎಷ್ಟೋ ನೆಲ ಮತ್ತೆ ನೇಗಿಲಿಗೆ ಹೋಯಿತು. ಹೋಗದಿದ್ದರೂ ನಷ್ಟವಿಲ್ಲ: ಒಪ್ಪಂದದಲ್ಲಿದ್ದ ಹುಲ್ಲು ಕಾಗದದ ಮೇಲೆ ಬೆಳೆಯ ಜಮೀನೇ, ಮರು ಅರ್ಜಿ ಹಾಕಬಹುದು. ಬೇಲಿಯಾಚೆಯವರು ಮಾತ್ರ, ಮುಂದಿನ ಕಾಯ್ದೆ ಯಾವ ಆರು ವರ್ಷ ಎಣಿಸುತ್ತದೆಂದು ಗೊತ್ತಾದರೆ ನೇಗಿಲು ಕೊಳ್ಳೋಣವೆಂದು ಕಾಯುತ್ತಿದ್ದಾರೆ.